ಲಾಡ್ಜಿನ ಹಕ್ಕು, ಜಗಲಿಯ ಋಣ

ದಸರಾ ರಜೆ ಹತ್ತಿರ ಬಂತೆಂದರೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ವರ್ಷವೂ ಒಂದೇ ಜಗಳ. ಹೊರಡುವುದು ಚಿಕ್ಕಮಗಳೂರಿಗೋ ಮಡಿಕೇರಿಗೋ ಎಂಬುದು ಒಂದೇ ದಿನದಲ್ಲಿ ತೀರ್ಮಾನವಾಗುತ್ತದೆ. ಇಳಿದುಕೊಳ್ಳುವುದು ಎಲ್ಲಿ ಎಂಬುದು ಮಾತ್ರ ಬಟ್ಟೆ ತುಂಬಿಕೊಳ್ಳುವ ರಾತ್ರಿಯವರೆಗೂ ಎಳೆಯುತ್ತದೆ. ಹೋಮ್‌ಸ್ಟೇ ಅನ್ನುವವರು ಅಕ್ಕ ಮತ್ತು ಅವಳ ಮಕ್ಕಳು. ‘ಸುಮ್ಮನೆ ರೂಮ್ ಮಾಡೋಣ’ ಅನ್ನುವವರು ಭಾವ. ಭಾವನ ಲೆಕ್ಕ ಹೀಗೆ: ಲಾಡ್ಜಿನವರು ರೂಮಿಗೆ ಇಷ್ಟು ಅನ್ನುತ್ತಾರೆ, ಹೋಮ್‌ಸ್ಟೇಯವರು ತಲೆಗೆ ಇಷ್ಟು ಅನ್ನುತ್ತಾರೆ, ಹನ್ನೊಂದು ತಲೆ ಇರುವ ಸಂಸಾರ ತಲೆಲೆಕ್ಕಕ್ಕೆ ಕೊರಳು ಕೊಡಬಾರದು. ಅಕ್ಕನ ಲೆಕ್ಕ: ಆ ತಲೆಲೆಕ್ಕದಲ್ಲಿ ಊಟ ತಿಂಡಿ ಸೇರಿದೆ, ಮಕ್ಕಳಿಗೆ ಓಡಾಡಲು ಅಂಗಳವಿದೆ, ರಾತ್ರಿ ಹನ್ನೊಂದಕ್ಕೆ ಹಾಲು ಬಿಸಿ ಮಾಡಿಕೊಡಿ ಎಂದರೆ ‘ಕಿಚನ್ ಕ್ಲೋಸ್ ಮೇಡಂ’ ಅನ್ನುವವರಿಲ್ಲ. ಇಬ್ಬರ ಲೆಕ್ಕವೂ ಸರಿ. ಅದು ಊರು, ಸೀಸನ್ನು, ತಲೆಗಳ ಮೇಲೆ ನಿಂತ ಲೆಕ್ಕ. ಅದಕ್ಕೆ ಲೇಖನ ಬೇಡ, ಕ್ಯಾಲ್ಕುಲೇಟರ್ ಸಾಕು.

ನನ್ನನ್ನು ಕೊರೆಯುವ ಪ್ರಶ್ನೆ ಬೇರೆ. ದುಡ್ಡು ಕೊಟ್ಟು ಒಂದು ಸೂರಿನ ಕೆಳಗೆ ಮಲಗುವವಳಿಗೆ ಆ ಸೂರಿನ ಮೇಲೆ ಏನು ಅಧಿಕಾರ? ಲಾಡ್ಜಿನ ಕೌಂಟರಿನ ಮುಂದೆ ನಿಂತಾಗ ನಾನು ಗಿರಾಕಿ. ಯಾರದೋ ಮನೆಯ ಜಗಲಿಯ ಮೇಲೆ ಕೂತಾಗ? ನೆಂಟಳಂತೂ ಅಲ್ಲ, ಬರೀ ಗಿರಾಕಿ ಅನ್ನಲೂ ಬಾಯಿ ಬರುವುದಿಲ್ಲ.

ನಮ್ಮ ಭಾಷೆಯಲ್ಲೇ ಇದರ ಸುಳಿವಿದೆ. ಕನ್ನಡದಲ್ಲಿ ‘ಹೋಟೆಲ್’ ಅಂದರೆ ಇಡ್ಲಿ ದೋಸೆ ತಿನ್ನುವ ಜಾಗ. ಮಲಗುವುದಕ್ಕೆ ಲಾಡ್ಜ್ ಬೇರೆ. ಎರಡೂ ಒಂದೇ ಕಡೆ ಇದ್ದರೆ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಬೋರ್ಡು. ಲಾಡ್ಜಿಗೆ ಮುಂಚೆ ಛತ್ರವಿತ್ತು, ಮಠವಿತ್ತು, ಸರ್ಕಾರಿ ಸಾಹೇಬರಿಗೆ ಪ್ರವಾಸಿ ಮಂದಿರವಿತ್ತು. ಜೊತೆಗೆ ಮನೆಯೂ ಇತ್ತು. ಗೋಕರ್ಣದ ಉಪಾಧಿವಂತರ ಮನೆಗಳಲ್ಲಿ ಯಾತ್ರಿಕರು ತಲೆಮಾರುಗಳಿಂದ ಇಳಿದುಕೊಂಡಿದ್ದಾರೆ. ನಮ್ಮಜ್ಜ ಹೋದಾಗ ಇಳಿದ ಭಟ್ಟರ ಮನೆಯಲ್ಲೇ ನಮ್ಮಪ್ಪನೂ ಇಳಿದ. ಅಪರಕರ್ಮ ಮಾಡಿಸಿದವರೂ ಅವರೇ, ಊಟ ಹಾಕಿದವರೂ ಅವರೇ. ಕೊಟ್ಟದ್ದಕ್ಕೆ ದಕ್ಷಿಣೆ ಎಂಬ ಹೆಸರು, ಬಾಡಿಗೆಯ ಮಾತೇ ಇಲ್ಲ. ಹೀಗಿರುವಾಗ 2007ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಇಬ್ಬರು ಗೆಳೆಯರು ಬಾಡಿಗೆ ಕಟ್ಟಲಾಗದೆ ತಮ್ಮ ಹಾಲಿನಲ್ಲಿ ಮೂರು ಗಾಳಿಹಾಸಿಗೆ ಹಾಸಿ, ರಾತ್ರಿಗೆ 80 ಡಾಲರಿನಂತೆ ಅಪರಿಚಿತರನ್ನು ಮಲಗಿಸಿ ಏರ್‌ಬಿಎನ್‌ಬಿ ಶುರುಮಾಡಿದ ಕತೆಯನ್ನು ಜಗತ್ತು ಕಂಡರಿಯದ ಹೊಸತು ಎಂಬಂತೆ ಹೇಳಿದಾಗ ನನಗೆ ಸಣ್ಣ ನಗು ಬರುತ್ತದೆ. ಆ ಮೊದಲ ಮೂವರು ಅತಿಥಿಗಳಲ್ಲಿ ಒಬ್ಬ ಭಾರತೀಯನೂ ಇದ್ದನಂತೆ. ಮನೆಯಲ್ಲಿ ದುಡ್ಡು ಕೊಟ್ಟು ಉಳಿಯುವುದು ಅವನಿಗೇನೂ ವಿಚಿತ್ರ ಅನಿಸಿರಲಾರದು.

ಆದರೆ ಗೋಕರ್ಣದ ಭಟ್ಟರ ಮನೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಛತ್ರದಲ್ಲೂ ಪಂಕ್ತಿ ಬೇರೆ ಬೇರೆ. ನನ್ನ ಅಜ್ಜನಿಗೆ ಆ ಮನೆ ಸಿಕ್ಕಿದ್ದು ಅವನು ದುಡ್ಡು ಕೊಡುತ್ತಾನೆಂದಲ್ಲ, ಅವನು ಯಾರೆಂದು ಅವರಿಗೆ ಗೊತ್ತಿತ್ತೆಂದು. ಮನೆಯ ಸುಖ, ಮನೆಯ ಕೊರತೆ ಎರಡೂ ಅಲ್ಲೇ ಇವೆ.

ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆ ಒಂದು ತೋಟದ ಮನೆಯಲ್ಲಿ ಎರಡು ರಾತ್ರಿ ಇದ್ದೆವು. ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಜಗಲಿಯಲ್ಲಿ ಮೆಣಸು ಹರವಿದ್ದರು. ಮನೆಯ ಹಿರಿಯಮ್ಮ ನನ್ನ ಪಕ್ಕದಲ್ಲೇ ಕೂತು ಕೆಸುವಿನೆಲೆಯ ನಾರು ತೆಗೆಯುತ್ತಾ, ಎಲ್ಲಿ ಕೆಲಸ, ಮಕ್ಕಳೆಷ್ಟು ಎಂದೆಲ್ಲ ಕೇಳಿದರು. ಆಮೇಲೆ, ತುಸು ತಡೆದು, ‘ತುಮಕೂರು ಅಂದ್ರಿ, ಸರಿ. ನೀವು ಯಾವ ಜನ?’ ಅಂದರು. ಹಳೇ ಮೈಸೂರಿನಲ್ಲಿ ಬೆಳೆದವರಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಾನು ಉತ್ತರ ಕೊಟ್ಟೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಬದಲಾಗಬೇಕಾದ ಉತ್ತರವೂ ಅದಾಗಿರಲಿಲ್ಲ. ರಾತ್ರಿ ಅಡುಗೆಮನೆಯ ಒಳಗೇ ಕೂರಿಸಿ, ಒಲೆಯ ಮುಂದೆ, ಬಿಸಿ ಅಕ್ಕಿರೊಟ್ಟಿ ಬಡಿಸಿದರು. ಅಂಥ ಊಟ ನಾನು ಯಾವ ಹೋಟೆಲಿನಲ್ಲೂ ಉಂಡಿಲ್ಲ.

ಇದೇ ಪ್ರಶ್ನೆಯನ್ನು ಲಾಡ್ಜಿನ ಕೌಂಟರಿನಲ್ಲಿ ಕೂತವನು ಕೇಳಿದ್ದರೆ? ಕೇಳಕೂಡದು. ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲ್, ಮನರಂಜನೆಯ ಜಾಗ ಎಂದು ಹೆಸರು ಹಿಡಿದೇ ಹೇಳುತ್ತದೆ: ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಯಾರನ್ನೂ ಇಲ್ಲಿಂದ ಹೊರಗಿಡುವಂತಿಲ್ಲ. ಅಸ್ಪೃಶ್ಯತೆಯನ್ನು ಶಿಕ್ಷಾರ್ಹ ಅಪರಾಧವಾಗಿಸಿದ 1955ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲ್ ಎಂದರೆ ಬೋರ್ಡಿಂಗ್ ಮನೆ, ಲಾಡ್ಜಿಂಗ್ ಮನೆ, ಕಾಫಿ ಮನೆ ಎಲ್ಲವೂ ಸೇರಿತು ಎಂದು ವಿವರಿಸುತ್ತದೆ. ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನೂ ಬಿಟ್ಟಿಲ್ಲ. ಕನ್ನಡಿಗರು ಹೋಟೆಲ್ ಎಂಬ ಪದವನ್ನು ಎಳೆದಾಡಿದಂತೆಯೇ ಕಾನೂನು ಬರೆದವರೂ ಎಳೆದಿದ್ದಾರೆ, ಆದರೆ ಉದ್ದೇಶವಿಟ್ಟು. ಬಾವಿಯ ನೀರು, ದೇವಸ್ಥಾನದ ಬಾಗಿಲು, ಹೋಟೆಲಿನ ಲೋಟ ಈ ಮೂರೂ ಒಂದೇ ಗಾಯದ ಮೂರು ಕಡೆ ಎಂದು ಅವರಿಗೆ ತಿಳಿದಿತ್ತು.

ಬಾಡಿಗೆಗೆ ಬಿಟ್ಟ ಮನೆಯೂ ಕಾನೂನಿನ ಕಣ್ಣಿಗೆ ಹೋಟೆಲೇ ಎಂದು ವಾದಿಸಬಹುದು. ವಾದಿಸಲೂಬೇಕು. ಆದರೆ ಮನೆಯ ಯಜಮಾನ ಕಾರಣ ಹೇಳುವುದಿಲ್ಲ. ‘ಆ ಡೇಟ್ ಫುಲ್ ಆಗಿದೆ’ ಅನ್ನುತ್ತಾನೆ, ಅಷ್ಟೇ. ಆ್ಯಪಿನಲ್ಲಾದರೆ ಅಷ್ಟನ್ನೂ ಹೇಳದೆ ಸುಮ್ಮನಾಗಬಹುದು. ಅಮೆರಿಕದಲ್ಲಿ ಈ ಬಿರುಕನ್ನು ಕಾನೂನೇ ಉಳಿಸಿಟ್ಟಿದೆ. ಹೋಟೆಲು, ಲಾಡ್ಜುಗಳಲ್ಲಿ ವರ್ಣಭೇದವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯ್ದೆ, ಮಾಲೀಕರು ತಾವೇ ವಾಸವಿದ್ದು ಐದು ಅಥವಾ ಅದಕ್ಕಿಂತ ಕಡಿಮೆ ಕೋಣೆ ಬಾಡಿಗೆಗೆ ಕೊಡುವ ಮನೆಯನ್ನು ಹೊರಗಿಟ್ಟಿತು. ತನ್ನ ಮನೆಯೊಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂದು ಪಾಪದ ಮಿಸೆಸ್ ಮರ್ಫಿಗೆ ಸರ್ಕಾರ ಹೇಳಬೇಕೇ ಎಂಬ ಚರ್ಚೆ ಆಗ ನಡೆದಿತ್ತು. ಮಿಸೆಸ್ ಮರ್ಫಿ ಎಂಬಾಕೆ ಇರಲೇ ಇಲ್ಲ, ವಾದಕ್ಕಾಗಿ ಹುಟ್ಟಿಸಿದ ಹೆಂಗಸು. ಅರ್ಧ ಶತಮಾನ ಕಳೆದ ಮೇಲೆ ಆಕೆ ಆ್ಯಪಿನೊಳಗೆ ಪ್ರತ್ಯಕ್ಷಳಾದಳು. ಹಾರ್ವರ್ಡಿನ ಸಂಶೋಧಕರು ಏರ್‌ಬಿಎನ್‌ಬಿಯಲ್ಲಿ ಒಂದೇ ರೀತಿಯ ಕೋರಿಕೆಗಳನ್ನು, ಹೆಸರು ಮಾತ್ರ ಬದಲಿಸಿ, ಕಳಿಸಿ ನೋಡಿದರು. ಕಪ್ಪು ಜನರದೆಂದು ಗುರುತು ಹತ್ತುವ ಹೆಸರುಗಳಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಶೇ. 16ರಷ್ಟು ಕಡಿಮೆ ಇತ್ತು. 2017ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಮರುವರ್ಷ ಕಂಪನಿ ಬುಕಿಂಗ್ ಒಪ್ಪುವವರೆಗೆ ಅತಿಥಿಯ ಫೋಟೊ ತೋರಿಸುವುದನ್ನು ನಿಲ್ಲಿಸಿತು. ಹೆಸರನ್ನು ಮರೆಸುವುದು ಅಷ್ಟು ಸುಲಭವಲ್ಲ. ನಮ್ಮಲ್ಲಂತೂ ಹೆಸರೇ ಜಾತಕ.

ಹಾಗಾದರೆ ಲಾಡ್ಜಿನವರು ಧರ್ಮರಾಯರೇ? ಒಮ್ಮೆ ಮೌಲ್ಯಮಾಪನದ ಡ್ಯೂಟಿಗೆಂದು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದೆ. ಬಸ್ಸು ತಡವಾಗಿ ರಾತ್ರಿ ಒಂಬತ್ತೂವರೆ ಆಗಿತ್ತು. ಬಸ್ ಸ್ಟ್ಯಾಂಡಿನೆದುರಿನ ಲಾಡ್ಜಿನಲ್ಲಿ ಹುಡುಗ ನನ್ನ ಹಿಂದೆ ಇಣುಕಿ ನೋಡಿದ. ‘ಒಬ್ರ ಬಂದೀರೇನ್ರಿ ಮೇಡಂ? ಸಿಂಗಲ್ ಲೇಡೀಸ್‌ಗೆ ರೂಮ್ ಕೊಡಂಗಿಲ್ರಿ, ಮಾಲಕರು ಹೇಳ್ಯಾರ.’ ನನಗಾಗ ನಲವತ್ತೇಳು ವರ್ಷ, ಕೈಯಲ್ಲಿ ವಿಶ್ವವಿದ್ಯಾಲಯದ ಆದೇಶಪತ್ರ. ಸಂವಿಧಾನದ ಉಪವಿಧಿ ಆ ಕೌಂಟರಿನ ಮೇಲಿನ ಗಣಪತಿ ಫೋಟೊದಷ್ಟೂ ಕೆಲಸಕ್ಕೆ ಬರಲಿಲ್ಲ. ಆದರೂ ಅಲ್ಲಿ ಕೌಂಟರ್ ಇತ್ತಲ್ಲ! ‘ಕೊಡಲ್ಲ ಅಂತ ಇದೇ ಬಿಲ್ ಬುಕ್ಕಿನ ಹಾಳೆ ಮೇಲೆ ಬರೆದುಕೊಡಪ್ಪಾ, ನಾನು ಹೋಗ್ತೀನಿ’ ಅಂದೆ. ಅವನು ಮಾಲೀಕರಿಗೆ ಫೋನ್ ಹಚ್ಚಿದ. ಹತ್ತು ನಿಮಿಷದಲ್ಲಿ ಕೀಲಿ ಬಂತು. ಫ್ಯಾನು ಕಿರ್ರೆನ್ನುತ್ತಿತ್ತು, ಬಕೆಟ್ಟಿಗೆ ಹಿಡಿಕೆಯಿರಲಿಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬಂತು.

ಜಗಳ ಆಡುವುದಕ್ಕೊಂದು ಜಾಗ, ಜಗಳ ಕೇಳಿಸಿಕೊಳ್ಳಬೇಕಾದ ಒಬ್ಬ ಮನುಷ್ಯ, ಹೆಸರು ಬರೆಯುವ ಒಂದು ಪುಸ್ತಕ, ನಂಬರು ಹಾಕಿದ ಒಂದು ಬಿಲ್ಲು. ಲಾಡ್ಜು ಮಾರುವುದು ಇದನ್ನೇ. ಆ ಬಿಲ್ಲು ಕೈಯಲ್ಲಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನನ್ನ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು, ಲಾಡ್ಜಿರುವ ಊರಿಗೆ ಅಲೆಯಬೇಕಿಲ್ಲ. 2019ರ ಕೊನೆಯಲ್ಲಿ ಮದ್ರಾಸ್ ಹೈಕೋರ್ಟ್, ಮದುವೆಯಾಗದ ಗಂಡು ಹೆಣ್ಣು ಒಂದು ಕೋಣೆಯಲ್ಲಿ ತಂಗುವುದು ಅಪರಾಧವಲ್ಲ ಎಂದು ಹೇಳಿತು. ಕೊಯಮತ್ತೂರಿನಲ್ಲಿ ಅಧಿಕಾರಿಗಳು ಬೀಗ ಜಡಿದಿದ್ದ ಒಂದು ಸರ್ವಿಸ್ ಅಪಾರ್ಟ್‌ಮೆಂಟಿನ ಪ್ರಕರಣ ಅದು. ಬೀಗ ಜಡಿಯುವುದಕ್ಕೆ ಒಂದು ಬಾಗಿಲು, ಆದೇಶಕ್ಕೊಂದು ಕಾಗದ ಇದ್ದದ್ದರಿಂದ ಅದನ್ನು ಕೋರ್ಟಿಗೆ ಎಳೆಯುವುದು ಸಾಧ್ಯವಾಯಿತು. ‘ಡೇಟ್ ಫುಲ್’ ಎಂಬ ಮಾತನ್ನು ಯಾರೂ ಯಾವ ಕೋರ್ಟಿಗೂ ಎಳೆದ ಹಾಗಿಲ್ಲ.

ಮನೆ ಮಾರುವುದು ಬೇರೆಯದನ್ನು. ಅದು ಋಣ. ನಾನು ಕೊಟ್ಟ ದುಡ್ಡಿಗೂ ಹಿರಿಯಮ್ಮ ನನ್ನನ್ನು ಒಲೆಯ ಮುಂದೆ ಕೂರಿಸಿದ್ದಕ್ಕೂ ತಾಳೆ ಹಾಕಲಾಗುವುದಿಲ್ಲ. ಉಳಿದದ್ದು ನನ್ನ ತಲೆಯ ಮೇಲಿದೆ. ಹಾಗೆಯೇ ಅವರ ಮನೆಯಲ್ಲಿ ನಾನು ಜೋರಾಗಿ ಮಾತಾಡಲಿಲ್ಲ, ಒದ್ದೆ ಚಪ್ಪಲಿ ಹೊರಗೆ ಬಿಟ್ಟೆ, ಬೆಳಿಗ್ಗೆ ಹಾಸಿಗೆ ಮಡಿಸಿಟ್ಟೆ. ಲಾಡ್ಜಿನಲ್ಲಿ ಇಷ್ಟು ಮಾಡುತ್ತಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಮನೆಯವರು ಇದ್ದಾರೆ ಎಂಬ ಒಂದೇ ಸಂಗತಿ ಬಂದವರನ್ನೂ ತಿದ್ದುತ್ತದೆ, ಅಕ್ಕಪಕ್ಕದವರನ್ನೂ ಕಾಯುತ್ತದೆ.

ಅದಕ್ಕೇ ನನ್ನ ತಕರಾರು ಹೋಮ್‌ಸ್ಟೇ ಮೇಲಲ್ಲ, ಮನೆಯವರಿಲ್ಲದ ಹೋಮ್‌ಸ್ಟೇ ಮೇಲೆ. ಮೂಡಿಗೆರೆಯಿಂದ ಮಡಿಕೇರಿಯವರೆಗೆ ರಸ್ತೆಯ ಬದಿಯಲ್ಲಿ ಬೋರ್ಡು ಓದುತ್ತಾ ಹೋಗಿ. ಹದಿನೈದು ಕೋಣೆ, ಈಜುಕೊಳ, ರೇನ್ ಡ್ಯಾನ್ಸ್, ಡಿಜೆ, ಕೊನೆಗೆ ‘ಹೋಮ್‌ಸ್ಟೇ’. ಹೋಮ್ ಎಲ್ಲಿ ಎಂದು ಕೇಳಿದರೆ ಓನರ್ ಬೆಂಗಳೂರಿನಲ್ಲಿ, ಇಲ್ಲಿ ನೋಡಿಕೊಳ್ಳುವವನು ಎಸ್ಟೇಟಿನ ರೈಟರ್. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ಯೋಜನೆ ಆರು ಕೋಣೆ, ಹನ್ನೆರಡು ಹಾಸಿಗೆಗಳ ಮಿತಿ ಹಾಕಿ, ಮಾಲೀಕರ ಸಂಸಾರ ಅಲ್ಲೇ ವಾಸವಿರಬೇಕು ಎಂದಿತ್ತು. ಬಹಳ ವಿವೇಕದ ಷರತ್ತು ಅದು. ಕೊನೆಯ ಷರತ್ತನ್ನು ತೆಗೆದುಬಿಟ್ಟರೆ ಉಳಿಯುವುದು ಲಾಡ್ಜಿನ ಜವಾಬ್ದಾರಿಯಿಲ್ಲದ ಲಾಡ್ಜು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದರ ಇನ್ನೊಂದು ರೂಪವಿದೆ. ಬಾಗಿಲಿಗೆ ನಂಬರ್ ಒತ್ತುವ ಬೀಗ. ನಂಬರು ಮೆಸೇಜಿನಲ್ಲಿ ಬರುತ್ತದೆ. ಮಾಲೀಕರನ್ನು ಬಂದವರೂ ನೋಡಿಲ್ಲ, ಪಕ್ಕದವರೂ ನೋಡಿಲ್ಲ. ಶುಕ್ರವಾರ ರಾತ್ರಿ ಒಂದು ಗುಂಪು, ಭಾನುವಾರ ಇನ್ನೊಂದು. ನೀರು ಬಂದಿಲ್ಲವೆಂದರೆ ಬಂದವರು ಆ್ಯಪಿಗೆ ಟೈಪ್ ಮಾಡಬೇಕು, ಗಲಾಟೆ ಹೆಚ್ಚಾದರೆ ಪಕ್ಕದವರು ವಾಚ್‌ಮನ್‌ನನ್ನು ಕರೆಯಬೇಕು. ಇಬ್ಬರ ಕೈಗೂ ಯಾರೂ ಸಿಗುವುದಿಲ್ಲ. ಇಂಥ ಫ್ಲ್ಯಾಟು ಮನೆಯ ಬಿಸುಪನ್ನೂ ಕೊಡದು, ಲಾಡ್ಜಿನ ಹಕ್ಕನ್ನೂ ಕೊಡದು. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ಜಾರಿಗೆ ತಂದ ನಿಯಮ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಮೂವತ್ತು ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನಗರದಲ್ಲಿ ನೋಂದಾಯಿಸಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳಿರಬಾರದು, ಮನೆಯವರು ಅದೇ ಮನೆಯಲ್ಲಿ ಇರಬೇಕು. ಹೋಟೆಲ್ ಉದ್ಯಮದವರು ಇದಕ್ಕೆ ಬೆನ್ನು ತಟ್ಟಿದ್ದು ಅವರ ಸ್ವಾರ್ಥಕ್ಕೇ ಇರಬಹುದು. ಸ್ವಾರ್ಥಿಗಳು ಬೆನ್ನು ತಟ್ಟಿದರೆಂದು ನಿಯಮ ಕೆಟ್ಟದ್ದಾಗುವುದಿಲ್ಲ. ಬಾರ್ಸಿಲೋನಾ ಇನ್ನೂ ಗಡುಸಾಗಿ, ತನ್ನ 10,101 ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ಮುಂದುವರಿಸುವುದಿಲ್ಲ ಎಂದು 2024ರ ಜೂನಿನಲ್ಲಿ ಸಾರಿತು. ಹತ್ತು ವರ್ಷದಲ್ಲಿ ಊರಿನ ಬಾಡಿಗೆ ಶೇ. 68ರಷ್ಟು ಏರಿದೆ, ಊರವರಿಗೇ ಮನೆ ಸಿಗುತ್ತಿಲ್ಲ ಎಂಬುದು ಮೇಯರರ ವಾದ. ಬೆಂಗಳೂರಿನ ಬಾಡಿಗೆಗೆ ಬೇರೆ ಕಾರಣಗಳೇ ಸಾಕಷ್ಟಿವೆ, ಎಲ್ಲವನ್ನೂ ಪ್ರವಾಸಿಗರ ತಲೆಗೆ ಕಟ್ಟುವಂತಿಲ್ಲ. ಗೋಕರ್ಣದಂಥ ಸಣ್ಣ ಊರಿನಲ್ಲಿ ಆ ಲೆಕ್ಕ ಬೇರೆಯಾದೀತು.

ಮನೆಯವರಿರುವ ಮನೆಯೇ ಒಳ್ಳೆಯದು ಎಂದು ಇಷ್ಟು ಹೇಳಿದ ಮೇಲೆ, ಆ ‘ಮನೆಯವರು’ ಯಾರು ಎಂದೂ ನೋಡಬೇಕು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಹೋಮ್‌ಸ್ಟೇ ಬೆಳೆದದ್ದು ಯಾರಿಗೋ ಅತಿಥಿ ಸತ್ಕಾರದ ಹುಕಿ ಬಂದದ್ದರಿಂದಲ್ಲ. 1990ರ ದಶಕದ ಕೊನೆಗೆ ಕಾಫಿ ಬೆಲೆ ಇಳಿಯತೊಡಗಿ, 2001-02ರ ಹೊತ್ತಿಗೆ ಕೊಯ್ಲಿನ ಕೂಲಿಯೂ ಹುಟ್ಟದಂತಾಯಿತು. ನಡುವೆ ವೆನಿಲ್ಲಾ ಬಳ್ಳಿ ಒಂದೆರಡು ವರ್ಷ ಚಿನ್ನ ಬಿಟ್ಟು ಕೈಕೊಟ್ಟಿತು. ತೊಟ್ಟಿಮನೆಯ ಖಾಲಿ ಕೋಣೆಗಳು ಆಗ ನೆನಪಾದವು. ಕೋಣೆ ಗಂಡಸಿನ ಹೆಸರಿನಲ್ಲಿ, ಬುಕಿಂಗ್ ಫೋನು ಮಗನ ಕೈಯಲ್ಲಿ, ಶನಿವಾರ ಬೆಳಿಗ್ಗೆ ಹನ್ನೆರಡು ಜನಕ್ಕೆ ಕಡುಬು ಬೇಯಿಸುವುದು ಮಾತ್ರ ಅತ್ತೆ ಸೊಸೆಯರ ಪಾಲು. ‘ಮನೆ ಊಟ’ ಎಂದು ನಾವು ಚಪ್ಪರಿಸುವ ಮಾತಿನೊಳಗೆ ಆ ಇಬ್ಬರ ವಾರಾಂತ್ಯ ಬೇಯುತ್ತಿದೆ. ಹೋಟೆಲಿನ ಅಡುಗೆಯವನಿಗೆ ವಾರಕ್ಕೊಂದು ರಜೆಯಾದರೂ ಇರುತ್ತದೆ, ದೊಡ್ಡ ಕಡೆಯಾದರೆ ಪಿಎಫ್, ಇಎಸ್‌ಐ ಇರುತ್ತದೆ. ಆದರೆ ಅದೇ ಸಕಲೇಶಪುರದ ಮನೆಯ ಸೊಸೆ ಪಾತ್ರೆ ಒರೆಸುತ್ತಾ ಹೇಳಿದ ಮಾತನ್ನೂ ಬರೆಯಬೇಕು. ‘ಕಾಫಿ ದುಡ್ಡು ಅವರ ಅಕೌಂಟಿಗೆ ಹೋಗುತ್ತೆ ಅಕ್ಕ. ಊಟದ ದುಡ್ಡು ನಂದು, ನನ್ನ ನಂಬರಿಗೇ ಹಾಕಿಸ್ಕೊತೀನಿ.’ ಅಲ್ಲಿಂದ ಮೇಲೆ, ಎಲ್ಲಿಗೆ ಹೋದರೂ, ಯಾರ ನಂಬರಿಗೆ ಹಾಕಲಿ ಎಂದು ಕೇಳುವುದು ನನ್ನ ಚಾಳಿಯಾಗಿದೆ.

ಪ್ರವಾಸ ಎಂದಾಗ ನಮ್ಮ ಕಣ್ಣಿಗೆ ಜಲಪಾತವೇ ಬರುತ್ತದೆ, ಆದರೆ ಕರ್ನಾಟಕದ ಎಷ್ಟೋ ಸಂಸಾರಗಳು ಊರು ಬಿಟ್ಟು ದಿನಗಟ್ಟಲೆ ಉಳಿಯುವುದು ಆಸ್ಪತ್ರೆಗೋಸ್ಕರ. ಉತ್ತರ ಕನ್ನಡದವರು, ಶಿವಮೊಗ್ಗ ಕಡೆಯವರು ಮಣಿಪಾಲಕ್ಕೆ ಹೋಗುತ್ತಾರೆ. ನಾನೂ ಚಿಕ್ಕಪ್ಪನ ಜೊತೆ ಅಲ್ಲಿ ಇಪ್ಪತ್ತಮೂರು ದಿನ ಇದ್ದೆ. ಮೊದಲ ನಾಲ್ಕು ದಿನ ಲಾಡ್ಜು. ಐದನೇ ದಿನ ಡಾಕ್ಟರು ಗಂಜಿ ಮಾತ್ರ ಕೊಡಿ ಎಂದರು. ಲಾಡ್ಜಿನಲ್ಲಿ ಗಂಜಿ ಎಲ್ಲಿ ಬೇಯಿಸುವುದು? ಒಂದು ಮನೆಯ ಮಹಡಿಯ ರೂಮು ಸಿಕ್ಕಿತು: ಒಂದು ಸ್ಟವ್, ಎರಡು ಪಾತ್ರೆ, ಬಟ್ಟೆ ಒಣಗಿಸಲು ತಾರಸಿ. ಅಲ್ಲಿ ಯಾವ ಹಕ್ಕಿನ ಮಾತೂ ನನ್ನ ತಲೆಗೆ ಬರಲಿಲ್ಲ. ವೆಲ್ಲೂರಿನ ಸಿಎಂಸಿ ಸುತ್ತಲಿನ ಬೀದಿಗಳಲ್ಲಿ ರೂಮಿನ ಜೊತೆ ಗ್ಯಾಸು, ಪಾತ್ರೆಯನ್ನೂ ಬಾಡಿಗೆಗೆ ಕೊಡುತ್ತಾರೆ. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಹೃದಯದ ಆಸ್ಪತ್ರೆಯ ಆಸುಪಾಸು ಬಂಗಾಳಿ ಅಕ್ಷರದ ಬೋರ್ಡುಗಳು ಕಾಣುತ್ತವೆ, ಅನ್ನ ಮೀನು ಬೇಯುವ ವಾಸನೆ ಬರುತ್ತದೆ. ಆ್ಯಪು, ಫೋಟೊ, ಸ್ಟಾರು ಯಾವುದೂ ಇಲ್ಲದ ಈ ವ್ಯವಹಾರದ ಮೇಲೆ ಯಾರೂ ಪ್ರವಾಸ ಕಥನ ಬರೆಯುವುದಿಲ್ಲ. ಒಂದು ವಾರ ಮೀರಿದ ವಾಸಕ್ಕೆ ಒಲೆ ಇರುವ ಜಾಗವೇ ಬೇಕು, ಉಳಿದ ವಾದವೆಲ್ಲ ಆಮೇಲೆ.

ಹೀಗಾಗಿ ಈಗ ಅಕ್ಕ ಭಾವ ಜಗಳವಾಡುವಾಗ ನಾನು ಪಂಚಾಯ್ತಿಗೆ ಕೂರುವುದಿಲ್ಲ. ಫೋನು ಇಸಕೊಂಡು ಒಂದು ಪ್ರಶ್ನೆ ಕೇಳುತ್ತೇನೆ: ‘ರಾತ್ರಿ ಮನೇಲಿ ಯಾರಿರ್ತೀರಿ?’ ‘ನಾವೇ ಇರ್ತೀವಿ, ಅಮ್ಮ ಇರ್ತಾರೆ’ ಎಂದರೆ ಹೋಮ್‌ಸ್ಟೇ. ‘ಹುಡುಗರು ಇರ್ತಾರೆ ಮೇಡಂ, ಏನ್ ಬೇಕಾದ್ರೂ ಕಾಲ್ ಮಾಡಿ’ ಎಂದರೆ ಭಾವನ ಲಾಡ್ಜು. ಅಡ್ವಾನ್ಸ್ ಮೊದಲು ಹಾಕಿ, ವಿಳಾಸ ಆಮೇಲೆ ಎಂದರೆ ಎರಡೂ ಅಲ್ಲ. ಇಲ್ಲಿಯವರೆಗೆ ಈ ಪ್ರಶ್ನೆ ನನಗೆ ಮೋಸ ಮಾಡಿಲ್ಲ.

ನನಗೆ ಅಂದೆ. ಸಕಲೇಶಪುರದಿಂದ ಹೊರಡುವ ದಿನ ಹಿರಿಯಮ್ಮ ಕಳಲೆ ಉಪ್ಪಿನಕಾಯಿಯ ಒಂದು ಬಾಟಲಿ ಕೈಗಿಟ್ಟರು. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳಿದರು. ಊರಿಗೆ ಬಂದು ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಬಡಿಸಿ, ಆ ಮನೆಯ ಗುಣಗಾನ ಮಾಡಿದೆ. ನನ್ನ ಪಕ್ಕದ ಟೇಬಲ್ಲಿನ ಗೆಳತಿ ಎರಡು ಸಲ ಹಾಕಿಸಿಕೊಂಡು, ನಂಬರ್ ಬರೆದುಕೊಂಡಳು. ಅವಳದು ಕೇಳಿದ ಕೂಡಲೇ ಧರ್ಮ ತಿಳಿಯುವ ಹೆಸರು. ನವೆಂಬರಿನ ಒಂದು ವಾರಾಂತ್ಯಕ್ಕೆ ಫೋನ್ ಮಾಡಿದಳಂತೆ. ಮೊದಲು ರೂಮ್ ಇದೆ ಅಂದರಂತೆ. ಯಾರ ಹೆಸರಿಗೆ ಬರೆದುಕೊಳ್ಳಲಿ ಎಂದು ಕೇಳಿ, ಒಂದು ನಿಮಿಷ ಅಂದು, ವಾಪಸ್ ಬಂದು ಆ ವಾರ ಫುಲ್ ಆಗಿದೆ ಅಂದರಂತೆ. ‘ನಿಜವಾಗ್ಲೂ ಫುಲ್ ಆಗಿರಬಹುದು ಬಿಡು’ ಎಂದು ಅವಳೇ ಹೇಳಿ, ಹಾಸನದಲ್ಲಿ ಲಾಡ್ಜು ಮಾಡಿಕೊಂಡು ಮಂಜರಾಬಾದ್ ಕೋಟೆ ನೋಡಿ ಬಂದಳು.

ಅದೇ ವಾರಕ್ಕೆ ನಾನೊಮ್ಮೆ ಫೋನ್ ಮಾಡಿ ಕೇಳಿ ನೋಡಬಹುದಿತ್ತು. ನಂಬರ್ ಇತ್ತು. ಮಾಡಲಿಲ್ಲ. ಬಾಟಲಿಯ ತಳದಲ್ಲಿ ಇನ್ನೂ ನಾಲ್ಕು ಹೋಳು ಕಳಲೆ ಉಳಿದಿದೆ.